ಹೆಸರು ಒಂದೇ, ಕ್ಲಬ್ ಬೇರೆ

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಎಫ್.ಎ. ಕಪ್‌ನಲ್ಲಿ ಯಾವುದೋ ಸಣ್ಣ ಊರಿನ ಕ್ಲಬ್ ದೊಡ್ಡವರನ್ನು ಮಣಿಸಿದಾಗಲೆಲ್ಲ ಕನ್ನಡದ ಕ್ರೀಡಾಪುಟಗಳಲ್ಲಿ ಅದರ ಚರಿತ್ರೆ ನಾಲ್ಕು ಸಾಲಿನಲ್ಲಿ ಬರುತ್ತದೆ. ಬರಲಿ, ಸಂತೋಷ. ಆದರೆ ಆ ನಾಲ್ಕು ಸಾಲಿನಲ್ಲಿ ಎಡವುವ ಜಾಗಗಳು ಪ್ರತಿಸಲವೂ ಹೆಚ್ಚುಕಡಿಮೆ ಅವೇ.

'ನಾನ್‌ಲೀಗ್' ಎಂದರೆ ಲೀಗ್ ಆಡದ ತಂಡ ಎಂದು ಬರೆಯುವುದುಂಟು. ಅವು ವರ್ಷವಿಡೀ ಲೀಗ್ ಆಡುತ್ತವೆ. ಸದರ್ನ್ ಲೀಗ್ 1894ರದು, ಇಸ್ತಮಿಯನ್ ಲೀಗ್ 1905ರದು. ಅಲ್ಲಿನವರ ಬಾಯಲ್ಲಿ 'ಲೀಗ್' ಎಂದರೆ 1888ರಲ್ಲಿ ಹುಟ್ಟಿದ ಫುಟ್‌ಬಾಲ್ ಲೀಗ್ ಒಂದೇ. ಇವತ್ತಿನ ಲೆಕ್ಕದಲ್ಲಿ ಪ್ರೀಮಿಯರ್ ಲೀಗಿನ 20, ಅದರ ಕೆಳಗಿನ ಮೂರು ಹಂತಗಳ 72, ಒಟ್ಟು 92 ಕ್ಲಬ್. ಉಳಿದವೆಲ್ಲ ನಾನ್‌ಲೀಗ್. ಈಗಲೂ ಆಡುತ್ತಿರುವ ಕ್ಲಬ್‌ಗಳಲ್ಲೇ ಅತಿ ಹಳೆಯದಾದ, 1857ರ ಶೆಫೀಲ್ಡ್ ಎಫ್.ಸಿ. ಕೂಡ ಈ ಉಳಿದವುಗಳಲ್ಲೇ ಒಂದು. ಅದನ್ನು ಶೆಫೀಲ್ಡ್ ಯುನೈಟೆಡ್ (1889) ಜೊತೆಗೋ ಶೆಫೀಲ್ಡ್ ವೆಡ್ನೆಸ್‌ಡೇ (1867) ಜೊತೆಗೋ ಬೆರೆಸಬಾರದು.

'ಬಡ್ತಿ' ಎಂಬ ಪದವನ್ನೂ ಇಸವಿ ನೋಡಿಕೊಂಡು ಬಳಸಬೇಕು. ನಾನ್‌ಲೀಗಿನ ಮೊದಲ ಸ್ಥಾನದವರು ತಾನಾಗಿ ಮೇಲೆ ಹೋಗುವ ಪದ್ಧತಿ ಶುರುವಾದದ್ದು 1987ರಲ್ಲಿ. ಮೊದಲು ಹೋದದ್ದು ಸ್ಕಾರ್‌ಬರೊ. ಅದಕ್ಕೂ ಮುಂಚೆ ನಡೆಯುತ್ತಿದ್ದದ್ದು ಲೀಗಿನ ಕ್ಲಬ್‌ಗಳ ಮತದಾನ. 1978ರಲ್ಲಿ ಸೌತ್‌ಪೋರ್ಟನ್ನು ಹೊರಗಿಟ್ಟು ವಿಗನ್ ಅಥ್ಲೆಟಿಕ್‌ಗೆ ಜಾಗ ಕೊಟ್ಟರಲ್ಲ, ಆ ವರ್ಷ ವಿಗನ್ ಆಡುತ್ತಿದ್ದ ನಾನ್‌ಲೀಗ್ ಪಂದ್ಯಾವಳಿ ನಾರ್ದರ್ನ್ ಪ್ರೀಮಿಯರ್ ಲೀಗ್ ಗೆದ್ದದ್ದು ವಿಗನ್ ಅಲ್ಲ, ಬಾಸ್ಟನ್ ಯುನೈಟೆಡ್. ಅವರ ಮೈದಾನ ಲೀಗಿನ ಮಟ್ಟಕ್ಕಿಲ್ಲ ಎಂದಾಯಿತು. ಹಾಗಾಗಿ ವಿಗನ್ 'ಆಯ್ಕೆಯಾಯಿತು' ಎಂದರೆ ಸರಿ, 'ಬಡ್ತಿ ಪಡೆಯಿತು' ಎಂದರೆ ತಪ್ಪು.

ಎಲ್ಲಕ್ಕಿಂತ ದೊಡ್ಡ ಗೊಂದಲ ಅಕ್ರಿಂಗ್ಟನ್ ಎಂಬ ಊರಿನ ಕ್ಲಬ್‌ಗಳದು. 'ಫುಟ್‌ಬಾಲ್ ಲೀಗಿನ ಸ್ಥಾಪಕ ಕ್ಲಬ್ ಅಕ್ರಿಂಗ್ಟನ್ ಸ್ಟ್ಯಾನ್ಲಿ' ಎಂಬ ವಾಕ್ಯ ಎಷ್ಟು ಸಲ ಅಚ್ಚಾಗಿದೆಯೋ ಲೆಕ್ಕವಿಲ್ಲ. 1888ರ ಹನ್ನೆರಡು ಸ್ಥಾಪಕ ಕ್ಲಬ್‌ಗಳಲ್ಲಿ ಒಂದಾಗಿದ್ದದ್ದು 'ಅಕ್ರಿಂಗ್ಟನ್' ಎಂಬಷ್ಟೇ ಹೆಸರಿನ ಬೇರೆ ಕ್ಲಬ್. ಥಾರ್ನಿಹೋಮ್ ರೋಡಿನ ಕ್ರಿಕೆಟ್ ಮೈದಾನದಲ್ಲಿ ಆಡುತ್ತಿದ್ದ ಆ ಕ್ಲಬ್ 1893ರಲ್ಲಿ ಎರಡನೇ ಡಿವಿಷನ್ನಿಗೆ ಇಳಿಯಬೇಕಾಗಿ ಬಂದಾಗ ಲೀಗನ್ನೇ ಬಿಟ್ಟಿತು, 1896ರಲ್ಲಿ ಮುಚ್ಚಿತು. ಸ್ಟ್ಯಾನ್ಲಿ ಹುಟ್ಟಿದ್ದು 1891ರಲ್ಲಿ, ಸ್ಟ್ಯಾನ್ಲಿ ಸ್ಟ್ರೀಟಿನಿಂದ, ಮೊದಲಿನ ಹೆಸರು ಸ್ಟ್ಯಾನ್ಲಿ ವಿಲ್ಲಾ. ಹಳೆಯ ಕ್ಲಬ್ ಬದುಕಿದ್ದಾಗಲೇ ಹುಟ್ಟಿದ್ದು ಅದರ ವಾರಸುದಾರ ಆಗುವುದು ಹೇಗೆ?

ಈ ಸ್ಟ್ಯಾನ್ಲಿ 1921ರಲ್ಲಿ ಲೀಗ್ ಸೇರಿತು. 1962ರ ಮಾರ್ಚಿನಲ್ಲಿ ಸಾಲ ತಾಳಲಾರದೆ ನಡುಋತುವಿನಲ್ಲೇ ರಾಜೀನಾಮೆ ಕೊಟ್ಟಿತು. ಅಂಕಿಅಂಶ ಕೂಡಿಸುವವರು ಜಾರುವುದು ಇಲ್ಲೇ. ಸ್ಟ್ಯಾನ್ಲಿ ಅಷ್ಟು ಹೊತ್ತಿಗೆ ಆಡಿದ್ದ 33 ಪಂದ್ಯಗಳನ್ನೂ ಲೀಗಿನವರು ಅಳಿಸಿಹಾಕಿದರು. 1961–62ರ ನಾಲ್ಕನೇ ಡಿವಿಷನ್ ಪಟ್ಟಿ ತೆಗೆದು ನೋಡಿ: ತಂಡಗಳು 24 ಅಲ್ಲ, 23, ಪ್ರತಿಯೊಬ್ಬರ ಪಂದ್ಯ 46 ಅಲ್ಲ, 44. ಆ ವರ್ಷದ ಪತ್ರಿಕಾ ವರದಿಗಳಿಂದ ಒಬ್ಬ ಆಟಗಾರನ ಗೋಲು ಎಣಿಸಿದರೆ ಅಧಿಕೃತ ಸಂಖ್ಯೆಗಿಂತ ಹೆಚ್ಚು ಬರಬಹುದು. ಎಣಿಸಿದವರ ತಪ್ಪಲ್ಲ, ಅಳಿಸಿದ ಪಂದ್ಯದ ಗೋಲು ಸೇರಿಕೊಂಡಿರುತ್ತದೆ. ಕಪ್ ಪಂದ್ಯಗಳು ಮಾತ್ರ ಹಾಗೇ ಉಳಿದವು.

ಆ ಕ್ಲಬ್ 1966ರಲ್ಲಿ ಪೂರ್ತಿ ನಿಂತಿತು. ಈಗ ಇರುವ ಸ್ಟ್ಯಾನ್ಲಿ 1968ರಲ್ಲಿ ಕಟ್ಟಿದ ಮೂರನೆಯ ಕ್ಲಬ್. ಮೈದಾನ ಕೂಡ ಹಳೆಯ ಪೀಲ್ ಪಾರ್ಕ್ ಅಲ್ಲ, ಕ್ರೌನ್ ಗ್ರೌಂಡ್. ಅದು ಲೀಗ್ ಮುಟ್ಟಿದ್ದು 2006ರಲ್ಲಿ. ಇಲ್ಲೊಂದು ತಮಾಷೆಯಿದೆ. 1962ರಲ್ಲಿ ಸ್ಟ್ಯಾನ್ಲಿ ಖಾಲಿ ಮಾಡಿದ ಜಾಗಕ್ಕೆ ಬಂದದ್ದು ಆಕ್ಸ್‌ಫರ್ಡ್ ಯುನೈಟೆಡ್. 2006ರಲ್ಲಿ ಹೊಸ ಸ್ಟ್ಯಾನ್ಲಿ ಮೇಲೇರಿದಾಗ ಕೆಳಗಿಳಿದ ಇಬ್ಬರಲ್ಲಿ ಒಬ್ಬರು ಅದೇ ಆಕ್ಸ್‌ಫರ್ಡ್. ಇದೇ ಆಕ್ಸ್‌ಫರ್ಡ್ 1960ರವರೆಗೆ ಹೆಡಿಂಗ್ಟನ್ ಯುನೈಟೆಡ್ ಆಗಿತ್ತು. ಅಲ್ಲಿ ಬದಲಾದದ್ದು ಹೆಸರು, ಕ್ಲಬ್ ಅದೇ. ಅಕ್ರಿಂಗ್ಟನ್ನಿನಲ್ಲಿ ಇದಕ್ಕೆ ತದ್ವಿರುದ್ಧ.

ವಿಲೀನಗಳದ್ದು ಇನ್ನೊಂದು ಗೋಜಲು. ಡಾಗೆನಮ್ ಅಂಡ್ ರೆಡ್‌ಬ್ರಿಜ್ 1992ರದು. ರೆಡ್‌ಬ್ರಿಜ್ ಫಾರೆಸ್ಟ್ ಅದರ ಒಂದು ಪಾಲು. ಅದರೊಳಗೆ ಆಗಲೇ ಲೇಟನ್‌ಸ್ಟೋನ್, ಇಲ್‌ಫರ್ಡ್, ವಾಲ್ತಮ್‌ಸ್ಟೋ ಅವೆನ್ಯೂ ಸೇರಿದ್ದವು. ಹವ್ಯಾಸಿ ಕ್ಲಬ್‌ಗಳಿಗಾಗಿ ಇದ್ದ ಎಫ್.ಎ. ಅಮೆಚೂರ್ ಕಪ್ಪನ್ನು ಈ ಮೂರೂ ಬೇರೆಬೇರೆಯಾಗಿ ಗೆದ್ದದ್ದು ಒಟ್ಟು ಏಳು ಸಲ. ಆ ಏಳನ್ನು ಇಂದಿನ ಕ್ಲಬ್ಬಿನ ಖಾತೆಗೆ ಹಾಕಬೇಕೇ? ನಮ್ಮ ಅಭಿಪ್ರಾಯದಲ್ಲಿ ಬೇಡ. 'ಪೂರ್ವಜ ಕ್ಲಬ್‌ಗಳು ಗೆದ್ದವು' ಎಂದು ಹೆಸರು, ಇಸವಿ ಸಮೇತ ಬರೆದರೆ ಸಾಕು.

ಎಫ್.ಎ. ಕಪ್‌ನ 'ಮೊದಲ ಸುತ್ತು' ಎಂದು ಕಂಡಾಗಲೂ ಒಂದು ಸಲ ನಿಂತು ನೋಡಬೇಕು. ಸಣ್ಣ ಕ್ಲಬ್‌ಗಳಿಗೆ ಪೂರ್ವಭಾವಿ ಸುತ್ತುಗಳಾದ ಮೇಲೆ ನಾಲ್ಕು ಅರ್ಹತಾ ಸುತ್ತುಗಳಿರುತ್ತವೆ. ಮೊದಲ ಅರ್ಹತಾ ಸುತ್ತೇ ಬೇರೆ, ಮುಖ್ಯ ಟೂರ್ನಿಯ ಮೊದಲ ಸುತ್ತೇ ಬೇರೆ. ಇವೆರಡರ ನಡುವೆ ನಾಲ್ಕು ಗೆಲುವಿನ ದೂರ.

ಇದೆಲ್ಲ ಪರದೇಶದ ಉಸಾಬರಿ ಅಲ್ಲ. 1937ರಲ್ಲಿ ಮುಂಬೈಯ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್. 1938ರಲ್ಲಿ ಮತ್ತೆ, 1948ರಲ್ಲಿ ಮತ್ತೆ ಗೆದ್ದಿತು. ದಂಡು ಪ್ರದೇಶದ ಇಂಥ ಹಳೆಯ ಕ್ಲಬ್‌ಗಳ ಬಗ್ಗೆ ಬರೆಯಿಸುವಾಗ ಬಾಯಿಮಾತಿಗಿಂತ ಮೊದಲು ಕಾಗದ ಕೇಳಿ: ಸಭೆಯ ನಡಾವಳಿ ಪುಸ್ತಕ, ಚಂದಾ ರಸೀದಿ, ಮೈದಾನದ ಬಾಡಿಗೆ ಪತ್ರ, ಲೀಗಿನ ವೇಳಾಪಟ್ಟಿ. ಗುಂಪು ಫೋಟೋ ಸಿಕ್ಕರೆ ಕಟ್ಟು ಬಿಚ್ಚಿಸಿ ಹಿಂಬದಿಯನ್ನೂ ಚಿತ್ರ ತೆಗೆಯಿರಿ, ಆಟಗಾರರ ಹೆಸರು ಎಷ್ಟೋ ಸಲ ಅಲ್ಲಿರುತ್ತದೆ. ಬೆಳ್ಳಿ ಶೀಲ್ಡಿನ ಸುತ್ತ ಮೊಳೆ ಹೊಡೆದಿರುವ ಪುಟ್ಟ ತಗಡುಗಳನ್ನು ಒಂದೊಂದಾಗಿ ಓದಿ. ಅದರ ಮೇಲಿನ ಇಸವಿ ಲೀಗ್ ಋತುವಿನದೋ ಫೈನಲ್ ನಡೆದ ವರ್ಷದ್ದೋ ಎಂಬುದನ್ನು ಆ ಕಾಲದ ಪತ್ರಿಕೆಯೊಂದಿಗೆ ತಾಳೆ ನೋಡಿ. ತಗಡು ಬಿದ್ದುಹೋದ ಕಡೆ ಎರಡು ಮೊಳೆತೂತು ಉಳಿದಿದ್ದರೆ ಆ ವರ್ಷವೂ ಯಾರೋ ಗೆದ್ದಿರಬಹುದು; 'ಟೂರ್ನಿ ನಡೆಯಲಿಲ್ಲ' ಎಂದು ಬರೆದುಬಿಡಬೇಡಿ.

ಇಂತಿ,
ಫುಟ್‌ಬಾಲ್ ಆಸಕ್ತ ಓದುಗರು, ಬೆಂಗಳೂರು