ಅಶೋಕ ರಸ್ತೆಯ ಆಟೋ ಅಣ್ಣನಿಗೆ

ಈ ಸಲದ ರಂಜಾನ್ ತಿಂಗಳ ಒಂದು ಸಂಜೆ, ಮೈಸೂರಿನ ಅಶೋಕ ರಸ್ತೆಯಲ್ಲಿ, ಸೇಂಟ್ ಫಿಲೋಮಿನಾ ಚರ್ಚಿನ ಎದುರು ನಮ್ಮಮ್ಮ ತಲೆಸುತ್ತಿ ಕುಸಿದಾಗ ಆಟೋ ನಿಲ್ಲಿಸಿದ ಅಣ್ಣ, ಗಾಬರಿಯಲ್ಲಿ ನಿಮ್ಮ ಹೆಸರು ಕೇಳಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಚಾಮುಂಡಿ ಬೆಟ್ಟಕ್ಕೆ ಹೋಗಿ ಬರುತ್ತಿದ್ದೆವು. ಅಮ್ಮನ ಕೈಯಿಂದ ಬುಟ್ಟಿ ಜಾರಿ ಹೂವು, ಕುಂಕುಮ, ತೆಂಗಿನಕಾಯಿ ಹೋಳು ರಸ್ತೆಗೆ ಚೆಲ್ಲಿತ್ತು. ನಾನು ಅಮ್ಮನನ್ನು ಹಿಡಿದುಕೊಂಡಿದ್ದೆ. ನೀವು ಟೋಪಿ ಸರಿಮಾಡಿಕೊಂಡು ಬಗ್ಗಿ, ಒಂದೊಂದೇ ಹೂವು ಆಯ್ದು, ಹೋಳುಗಳನ್ನು ನಿಮ್ಮ ಕರವಸ್ತ್ರದಲ್ಲಿ ಒರೆಸಿ ಸುತ್ತಿ, ಬುಟ್ಟಿಯನ್ನು ಸೀಟಿನ ಮೇಲೆಯೇ ಇಟ್ಟಿರಿ. "ದೇವರದ್ದು, ಕಾಲ ಹತ್ರ ಬೇಡ ಅಕ್ಕಾ" ಅಂದಿರಿ. ಆ ಮಾತು ಇನ್ನೂ ಕಿವಿಯಲ್ಲಿದೆ.

ಆಸ್ಪತ್ರೆಯಲ್ಲಿ ಸಕ್ಕರೆ ಇಳಿದಿದೆ ಎಂದು ಗ್ಲುಕೋಸ್ ಏರಿಸಿದರು. ಹೊತ್ತು ಮುಳುಗಿತು. ನೀವು ಹೋಗಲಿಲ್ಲ, ಕಾರಿಡಾರಿನಲ್ಲೇ ಒಂದು ಖರ್ಜೂರ, ಒಂದಿಷ್ಟು ನೀರಿನಲ್ಲಿ ಉಪವಾಸ ಬಿಟ್ಟಿರಿ. "ಬೆಳಗ್ಗಿಂದ ಹಸ್ಕೊಂಡಿದ್ಯಾ ಮಗಾ?" ಅಂತ ಅಮ್ಮ ಕಣ್ಣು ಒದ್ದೆ ಮಾಡಿಕೊಂಡರು. ಬಾಡಿಗೆ ಕೊಡಹೋದರೆ ಕೈ ಮುಗಿದುಬಿಟ್ಟಿರಿ.

ಆ ಚರ್ಚಿಗೆ 1933ರಲ್ಲಿ ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು, ಚಾಮುಂಡಿಯನ್ನೇ ಕುಲದೇವತೆಯೆಂದು ಪೂಜಿಸಿದ ಮನೆತನದವರು. ಇದು ಗೊತ್ತಿದ್ದೂ, ನೆಂಟರ ನಡುವೆ "ಅವರು ಹಾಗೆ, ಹೀಗೆ" ಅನ್ನುವ ಮಾತು ಬಂದಾಗಲೆಲ್ಲ ನಾನು ಸುಮ್ಮನೆ ಕೂತಿದ್ದೇನೆ. ಅದು ತಪ್ಪು. ಯುಗಾದಿ ಊಟದಲ್ಲಿ ಸುಮ್ಮನಿರಲಿಲ್ಲ, ನಿಮ್ಮ ವಿಷಯ ಹೇಳಿದೆ. ಚಿಕ್ಕಪ್ಪ ಮಾತಾಡದೆ ಒಬ್ಬಟ್ಟು ಮುರಿಯುತ್ತಾ ಕೂತರು.

ನಿಮ್ಮ ಕರವಸ್ತ್ರ ನಮ್ಮಲ್ಲೇ ಉಳಿದಿದೆ ಅಣ್ಣ. ಅಮ್ಮ ಒಗೆದು ಮಡಿಚಿ ಇಟ್ಟಿದ್ದಾರೆ. ಚರ್ಚ್ ಕಡೆ ಹೋದಾಗಲೆಲ್ಲ ನಿಂತ ಆಟೋಗಳೊಳಗೆ ಇಣುಕಿ ನೋಡುತ್ತಾರೆ.