ಸ್ಟ್ರಿಂಗ್ ಥಿಯರಿ ಕಲಿಯಬಯಸುವವರಿಗೆ ದಾರಿಯನ್ನೂ ಬರೆಯಿರಿ

ಸಂಪಾದಕರಿಗೆ,

ಮಾನ್ಯರೇ,

ಸ್ಟ್ರಿಂಗ್ ಥಿಯರಿಯ ಬಗ್ಗೆ ವಿಜ್ಞಾನ ಪುಟಗಳಲ್ಲಿ ಬರುವ ಲೇಖನಗಳು ಬಹುಮಟ್ಟಿಗೆ ಒಂದೇ ಜಾಡಿನವು. ಜಗತ್ತೆಲ್ಲ ಅತಿಸೂಕ್ಷ್ಮ ತಂತುಗಳಿಂದಾಗಿದೆ, ಅವು ವೀಣೆಯ ತಂತಿಯಂತೆ ಕಂಪಿಸುತ್ತವೆ, ಒಂದೊಂದು ಸ್ವರವೂ ಒಂದೊಂದು ಕಣ ಎನ್ನುವಲ್ಲಿಗೆ ಲೇಖನ ಮುಗಿಯುತ್ತದೆ. ಕುತೂಹಲ ಕೆರಳಿದ ವಿದ್ಯಾರ್ಥಿ ಮುಂದೆ ಏನು ಓದಬೇಕು, ಎಷ್ಟು ಗಣಿತ ಬೇಕು, ಎಲ್ಲಿ ಎಡವುವ ಸಂಭವವಿದೆ ಎಂಬುದು ಮಾತ್ರ ಎಲ್ಲೂ ಸಿಗುವುದಿಲ್ಲ. ಆ ಕೊರತೆಯನ್ನು ಸ್ವಲ್ಪವಾದರೂ ತುಂಬಲು ಈ ಪತ್ರ.

ವೀಣೆಯ ಹೋಲಿಕೆ ತಪ್ಪಲ್ಲ, ಆದರೆ ಅರ್ಧ ಮಾತ್ರ ಸರಿ. ತಂತಿಯಲ್ಲಿ ಅಲೆ ಹರಿಯುವ ವೇಗ ಎಷ್ಟೆಂದು ತಿಳಿಯಲು ಅದರ ಬಿಗಿತವನ್ನು ಮೀಟರ್ ಒಂದರ ದ್ರವ್ಯರಾಶಿಯಿಂದ ಭಾಗಿಸಿ ವರ್ಗಮೂಲ ತೆಗೆಯುತ್ತೇವೆ. ಮೂಲಭೂತ ತಂತುವಿನಲ್ಲಿ ಬಿಗಿತವೂ ಮೀಟರ್ ಒಂದರಲ್ಲಿರುವ ಶಕ್ತಿಯೂ ಒಂದೇ ಆದ್ದರಿಂದ ಅಲೆ ಬೆಳಕಿನ ವೇಗದಲ್ಲೇ ಸಾಗುತ್ತದೆ. ಲೋಹದ ತಂತಿಯನ್ನು ಎಳೆದರೆ ತೆಳುವಾಗುತ್ತದೆ. ಈ ತಂತುವನ್ನು ಎಳೆದರೆ ನಾವು ಮಾಡಿದ ಕೆಲಸವೆಲ್ಲ ಇನ್ನಷ್ಟು ತಂತುವಾಗಿ ನಿಲ್ಲುತ್ತದೆ. ಇದರ ಮೇಲೆ ಇದು ಈ ಬಿಂದು, ಅದು ಆ ಬಿಂದು ಎಂದು ಗುರುತು ಹಾಕಲು ಬರುವುದಿಲ್ಲ. ಹಾಗಾಗಿ ಉದ್ದಕ್ಕೆ ನಡೆಯುವ ಕಂಪನಕ್ಕೆ ಅರ್ಥವೇ ಇಲ್ಲ, ಅಡ್ಡಕ್ಕೆ ನಡೆಯುವುದಷ್ಟೇ ಲೆಕ್ಕ. ದೇಶ-ಕಾಲಕ್ಕೆ ಒಟ್ಟು ಡಿ ಆಯಾಮಗಳಿದ್ದರೆ ಅಡ್ಡ ದಿಕ್ಕುಗಳು ಡಿ−2. ಈ ಎರಡು ಕಳೆಯುವುದನ್ನು ಮರೆತರೆ ಮುಂದಿನ ಒಂದು ಉತ್ತರವೂ ಸರಿ ಬರದು.

ಬುನಾದಿಗೆ ಬೇಕಾದ್ದು ಜನ ಹೆದರುವಷ್ಟು ಇಲ್ಲ. ಲಗ್ರಾಂಜಿಯನ್ ಬಲವಿಜ್ಞಾನ, ಸೂಚ್ಯಂಕಗಳಲ್ಲಿ ಬರೆದ ವಿಶೇಷ ಸಾಪೇಕ್ಷತೆ ಮತ್ತು ವಿದ್ಯುತ್ಕಾಂತತೆ, ಪದವಿ ಮಟ್ಟದ ಕ್ವಾಂಟಮ್ ಮೆಕ್ಯಾನಿಕ್ಸ್, ಇಷ್ಟು. ಇವುಗಳಲ್ಲಿ ಹಾರ್ಮೋನಿಕ್ ಆಸಿಲೇಟರ್ ಅಧ್ಯಾಯಕ್ಕೆ ಎಷ್ಟು ಹೊತ್ತು ಕೊಟ್ಟರೂ ಹೆಚ್ಚಲ್ಲ. ಪುಸ್ತಕ ಮುಚ್ಚಿಟ್ಟು, ಲ್ಯಾಡರ್ ಆಪರೇಟರ್‌ಗಳಿಂದ ಅದರ ಶಕ್ತಿಮಟ್ಟಗಳನ್ನು ಪಡೆಯಲು ಬರುವವರೆಗೆ ಸ್ಟ್ರಿಂಗ್ ಥಿಯರಿಯ ಪುಸ್ತಕ ತೆರೆಯಬಾರದು. ತೆರೆದರೆ ಮೊದಲ ಐವತ್ತು ಪುಟ ಸಲೀಸಾಗಿ ಸಾಗಿ, ಕ್ವಾಂಟೀಕರಣ ಶುರುವಾದ ಕೂಡಲೇ ಕೈಬಿಡಬೇಕಾಗುತ್ತದೆ.

ಮೊದಲ ಪುಸ್ತಕವಾಗಿ ಬಾರ್ಟನ್ ಜ್ವೀಬಾಕ್ ಬರೆದ ‘ಎ ಫಸ್ಟ್ ಕೋರ್ಸ್ ಇನ್ ಸ್ಟ್ರಿಂಗ್ ಥಿಯರಿ’ಯನ್ನು ಧೈರ್ಯವಾಗಿ ಹೇಳಬಹುದು. ಪದವಿ ವಿದ್ಯಾರ್ಥಿಗಳಿಗೆಂದೇ ಬರೆದದ್ದು, ಕ್ವಾಂಟಮ್ ಫೀಲ್ಡ್ ಥಿಯರಿ ಗೊತ್ತಿರಬೇಕೆಂದು ಅದು ಕೇಳುವುದಿಲ್ಲ. ಲೈಟ್ ಕೋನ್ ಗೇಜ್ ಎಂಬ ವಿಧಾನದಲ್ಲಿ ಅಡ್ಡ ಕಂಪನಗಳನ್ನಷ್ಟೇ ಉಳಿಸಿಕೊಂಡು ನಡೆಯುವುದರಿಂದ ಪ್ರತಿ ಹೆಜ್ಜೆಯನ್ನೂ ಕೈಯಲ್ಲಿ ಲೆಕ್ಕ ಮಾಡಿ ನೋಡಬಹುದು.

ಅಂಥ ಒಂದು ಲೆಕ್ಕವನ್ನು ಇಲ್ಲಿ ವಿವರವಾಗಿಯೇ ಹೇಳುವುದು ಒಳ್ಳೆಯದು, ಏಕೆಂದರೆ ಅತಿ ಹೆಚ್ಚು ಜನ ನಿಲ್ಲುವುದು ಇಲ್ಲೇ. ತೆರೆದ ತಂತುವಿನ (ಎರಡು ತುದಿಗಳು ಬಿಡಿಯಾಗಿರುವ ತಂತು) ಕಂಪನವನ್ನು ಮೂಲ ಆವರ್ತನ, ಅದರ ಎರಡರಷ್ಟು, ಮೂರರಷ್ಟು ಎಂದು ಅನಂತ ಆಸಿಲೇಟರ್‌ಗಳಾಗಿ ಬಿಡಿಸುತ್ತೇವೆ. ಪ್ರತಿಯೊಂದಕ್ಕೂ ಸುಮ್ಮನಿದ್ದಾಗಲೂ ಅರ್ಧ ಕ್ವಾಂಟಮ್ ಶಕ್ತಿ ಇರುತ್ತದೆ. ಎಲ್ಲ ಕೂಡಿದರೆ 1+2+3+4... ಎಂಬ ಸರಣಿಯ ಅರ್ಧ, ಅದಕ್ಕೆ ಡಿ−2ರ ಗುಣಾಕಾರ. ಆ ಸರಣಿಯ ಬೆಲೆ −1/12 ಎಂದು ಪುಸ್ತಕ ಹೇಳುತ್ತದೆ. ಕೆಲವರು ಇದನ್ನು ಮಂತ್ರದಂತೆ ಉರು ಹೊಡೆಯುತ್ತಾರೆ, ಕೆಲವರು ಮೋಸವೆಂದು ಪುಸ್ತಕ ಮುಚ್ಚುತ್ತಾರೆ. ಎರಡೂ ಬೇಡ. ‘ಇ’ ಸಂಖ್ಯೆಯ ಮೈನಸ್ 0.1 ಘಾತ ತೆಗೆದುಕೊಳ್ಳಿ, ಅದು 0.904837. 1ನ್ನು ಅದರ ಮೊದಲ ಘಾತದಿಂದ, 2ನ್ನು ಎರಡನೆಯ ಘಾತದಿಂದ, 3ನ್ನು ಮೂರನೆಯ ಘಾತದಿಂದ ಗುಣಿಸುತ್ತಾ ಇನ್ನೂರು ಪದಗಳವರೆಗೆ ಕೂಡಿ. ಸ್ಪ್ರೆಡ್‌ಶೀಟ್‌ನಲ್ಲಿ ಇದು ಐದು ನಿಮಿಷದ ಕೆಲಸ. ಮೊತ್ತ 99.9167. ಇದರಿಂದ 100 ಕಳೆಯಿರಿ. ಆ 100 ಬಂದದ್ದು 1ನ್ನು 0.1ರ ವರ್ಗದಿಂದ ಭಾಗಿಸಿದ್ದರಿಂದ. ಉಳಿಯುವುದು −0.0833, ಅಂದರೆ −1/12. 0.1ರ ಜಾಗದಲ್ಲಿ 0.01 ಇಟ್ಟು ಪದಗಳನ್ನೂ ಹೆಚ್ಚಿಸಿದರೆ 100 ಹೋಗಿ 10,000 ಆಗುತ್ತದೆ, ಉಳಿಕೆ ಮಾತ್ರ ಅಲ್ಲಾಡುವುದಿಲ್ಲ. ಹೀಗೆ ಊದುವ ಭಾಗ ತಂತುವಿನ ಉದ್ದಕ್ಕೆ ಅನುಪಾತದಲ್ಲಿರುತ್ತದೆ. ತಂತುವಿನ ಚಲನೆಯ ನಿಯಮ ಹುಟ್ಟುವ ಮೂಲ ಕ್ರಿಯೆಗೆ (ಆಕ್ಷನ್) ಅಂಥದ್ದೇ ಒಂದು ಪದ ಸೇರಿಸಿ ಅದನ್ನು ಹೊಡೆದುಹಾಕಬಹುದು. −1/12 ಅನ್ನು ಹಾಗೆ ತೆಗೆದುಹಾಕಲು ಬರುವುದಿಲ್ಲ.

ಇನ್ನು ಮೊದಲ ಮಟ್ಟದ ಕಂಪನ ನೋಡಿ. ಅದಕ್ಕೆ ಡಿ−2 ಸ್ಥಿತಿಗಳಿವೆ. ದ್ರವ್ಯರಾಶಿಯಿರುವ ವೆಕ್ಟರ್ ಕಣಕ್ಕೆ ಡಿ−1 ಬೇಕು, ಇಲ್ಲಿ ಒಂದು ಕಡಿಮೆ. ಆದ್ದರಿಂದ ಇದು ದ್ರವ್ಯರಾಶಿಯಿಲ್ಲದ ಕಣವೇ ಆಗಬೇಕು. ಹಾಗಾಗಲು ಮೊದಲ ಮಟ್ಟದ 1ರಿಂದ (ಡಿ−2)/24 (ಮೇಲಿನ ಅರ್ಧ, 1/12 ಮತ್ತು ಡಿ−2ರ ಗುಣಲಬ್ಧ) ಕಳೆದರೆ ಸೊನ್ನೆ ಬರಬೇಕು, ಡಿ 26 ಆಗಲೇಬೇಕು. ಬೋಸಾನಿಕ್ ತಂತುವಿನ (ಬೋಸಾನ್ ಬಗೆಯ ಕಣಗಳನ್ನಷ್ಟೇ ಕೊಡುವ ಸರಳ ತಂತು) ಹೆಸರುವಾಸಿ 26 ಆಯಾಮಗಳು ಹುಟ್ಟುವುದು ಹೀಗೆ. ಎರಡನೆಯ ಮಟ್ಟದಲ್ಲಿ 24 ಮತ್ತು 300 ಸೇರಿ 324 ಸ್ಥಿತಿಗಳು. ದ್ರವ್ಯರಾಶಿಯುಳ್ಳ ಸ್ಪಿನ್ 2 ಕಣಕ್ಕೆ 26 ಆಯಾಮಗಳಲ್ಲಿ ಬೇಕಾದ್ದೂ ಸರಿಯಾಗಿ 324. ಇದನ್ನು ನೋಡಿ ಇನ್ನೊಂದು ಪುರಾವೆ ಸಿಕ್ಕಿತೆಂದು ಹಿಗ್ಗಬಾರದು: ಈ ಎರಡನೆಯ ಲೆಕ್ಕ ಯಾವ ಡಿಗಾದರೂ ಹೊಂದುತ್ತದೆ. ಅದು ನಮ್ಮ ಎಣಿಕೆ ಸರಿಯಿದೆಯೇ ಎಂಬ ತಾಳೆ ಅಷ್ಟೇ.

ತುದಿಗಳು ಕೂಡಿ ಉಂಗುರವಾದ ಮುಚ್ಚಿದ ತಂತುವಿನ ಮೊದಲ ಮಟ್ಟದಲ್ಲಿ 24ನ್ನು 24ರಿಂದ ಗುಣಿಸಿ 576 ಸ್ಥಿತಿಗಳು. ಅವು 299, 276, 1 ಎಂದು ಒಡೆಯುತ್ತವೆ. ಆ 299 ಗುರುತ್ವವನ್ನು ಸಾಗಿಸುವ ಕಣವಾದ ಗ್ರಾವಿಟಾನ್‌ನವು. 1974ರಲ್ಲಿ ಶೆರ್ಕ್, ಶ್ವಾರ್ಟ್ಜ್ ಮತ್ತು ಯೊನೆಯ ಇದನ್ನು ಗುರುತ್ವವೆಂದು ಗುರುತಿಸಿದರು. ಗುರುತ್ವವನ್ನು ಯಾರೂ ಒಳಗೆ ತುರುಕಲಿಲ್ಲ, ತಾನಾಗಿ ಬಂತು ಎಂಬುದೇ ಈ ಥಿಯರಿಯ ನಿಜವಾದ ಸೊಗಸು. ಅದನ್ನು ಕೈಯಲ್ಲಿ ಎಣಿಸಿಯೇ ಅನುಭವಿಸಬೇಕು.

ಇಲ್ಲಿಂದ ಮುಂದೆ ಅಡ್ಡದಾರಿಯಿಲ್ಲ. ಕ್ವಾಂಟಮ್ ಫೀಲ್ಡ್ ಥಿಯರಿ, ಸಾಮಾನ್ಯ ಸಾಪೇಕ್ಷತೆ, ಕಾಂಪ್ಲೆಕ್ಸ್ ಅನಾಲಿಸಿಸ್, ಲೀ ಗ್ರೂಪ್‌ಗಳು, ಎರಡು ಆಯಾಮಗಳ ಕನ್ಫಾರ್ಮಲ್ ಫೀಲ್ಡ್ ಥಿಯರಿ, ಸೂಪರ್‌ಸಿಮೆಟ್ರಿ (ಬಲದ ಕಣಗಳನ್ನೂ ದ್ರವ್ಯದ ಕಣಗಳನ್ನೂ ಜೋಡಿಸುವ ಸಮಮಿತಿ) ಎಲ್ಲವೂ ಬೇಕು. ಇದಕ್ಕೆ ಒಂದೆರಡು ವರ್ಷ ಹಿಡಿದರೆ ಅದು ನಿಧಾನವಲ್ಲ. ಡೇವಿಡ್ ಟಾಂಗ್ ಅವರ ಉಪನ್ಯಾಸ ಟಿಪ್ಪಣಿಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ, 1998ರಲ್ಲಿ ಬಂದ ಪೋಲ್ಚಿನ್ಸ್ಕಿಯವರ ಎರಡು ಸಂಪುಟಗಳಿಗೆ ಒಳ್ಳೆಯ ಮೆಟ್ಟಿಲು. ಈ ಹಂತದಲ್ಲಿ 26 ಇನ್ನೊಂದು ಬಾಗಿಲಿನಿಂದ ಬರುತ್ತದೆ: ಗೋಸ್ಟ್ ಫೀಲ್ಡ್‌ಗಳ (ಹೆಚ್ಚುವರಿ ಎಣಿಕೆಯನ್ನು ಕಳೆಯಲು ಲೆಕ್ಕದಲ್ಲಿ ಸೇರಿಸುವ ಕ್ಷೇತ್ರಗಳು) ಸೆಂಟ್ರಲ್ ಚಾರ್ಜ್ (ಒಟ್ಟು ಸೊನ್ನೆಯಾಗಬೇಕಾದ ಒಂದು ಸಂಖ್ಯೆ) −26, ಅದನ್ನು ಸರಿದೂಗಿಸಲು ತಲಾ 1ರಂತೆ 26 ಆಯಾಮಗಳು. ಸೂಪರ್‌ಸಿಮೆಟ್ರಿ ಸೇರಿದ ಸೂಪರ್‌ಸ್ಟ್ರಿಂಗ್‌ನಲ್ಲಿ ಗೋಸ್ಟ್‌ಗಳದ್ದು −15, ಪ್ರತಿ ಆಯಾಮದ್ದು ಒಂದೂವರೆ, ಹಾಗಾಗಿ 10.

ಸಣ್ಣದೆನಿಸಿದರೂ ವಾರಗಟ್ಟಲೆ ಸತಾಯಿಸುವ ಸಂಗತಿ ಚಿಹ್ನೆಗಳದ್ದು. ಮೆಟ್ರಿಕ್‌ನಲ್ಲಿ ಕಾಲಕ್ಕೆ ಮೈನಸ್ ಹಾಕುವ ಪುಸ್ತಕಗಳಿವೆ, ಪ್ಲಸ್ ಹಾಕುವವೂ ಇವೆ. ತೆರೆದ ತಂತುವಿನ ದ್ರವ್ಯರಾಶಿ ಸೂತ್ರದಲ್ಲಿ 1 ಇರುವ ಕಡೆ ಮುಚ್ಚಿದ್ದರಲ್ಲಿ 4 ಇರುತ್ತದೆ. ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ನಾವು ಹಿಡಿದ ಪದ್ಧತಿ ಬರೆದಿಟ್ಟುಕೊಂಡು, ಎರಡನೆಯ ಪುಸ್ತಕದಿಂದ ಸೂತ್ರ ತಂದಾಗಲೆಲ್ಲ ಅದಕ್ಕೆ ಪರಿವರ್ತಿಸಬೇಕು.

ಬೋಸಾನಿಕ್ ತಂತುವಿನ ತಳಮಟ್ಟದಲ್ಲಿ ದ್ರವ್ಯರಾಶಿಯ ವರ್ಗ ಋಣಸಂಖ್ಯೆಯಾಗುವ ಟ್ಯಾಕಿಯಾನ್ ಬರುತ್ತದೆ. ಲೆಕ್ಕ ತಪ್ಪಿತೆಂದು ಗಾಬರಿಯಾಗಬೇಕಿಲ್ಲ. ತೆರೆದ ತಂತುವಿನ ಟ್ಯಾಕಿಯಾನ್ ಅಂದರೆ ಡಿ-ಬ್ರೇನ್ (ತೆರೆದ ತಂತುವಿನ ತುದಿಗಳು ಅಂಟಿಕೊಳ್ಳುವ ಹಾಳೆಯಂಥ ವಸ್ತು) ಅಸ್ಥಿರವಾಗಿದೆ ಎಂಬ ಸೂಚನೆ ಎಂದು ಅಶೋಕ್ ಸೇನ್ ತೋರಿಸಿಕೊಟ್ಟರು. ಡಿ-ಬ್ರೇನ್‌ಗಳ ಮಹತ್ವ 1995ರಲ್ಲಿ ಪೋಲ್ಚಿನ್ಸ್ಕಿಯವರಿಂದ ಸ್ಪಷ್ಟವಾಯಿತು. 1996ರಲ್ಲಿ ಸ್ಟ್ರಾಮಿಂಜರ್ ಮತ್ತು ವಾಫಾ ಒಂದು ಬಗೆಯ ಕಪ್ಪುಕುಳಿಯ ಎಂಟ್ರೊಪಿಯನ್ನು ಸ್ಥಿತಿಗಳನ್ನು ಎಣಿಸಿಯೇ ಪಡೆದರು. 1997ರಲ್ಲಿ ಮಾಲ್ದಸೇನಾ ಮುಂದಿಟ್ಟ ಗುರುತ್ವ ಮತ್ತು ಗೇಜ್ ಥಿಯರಿಯ ನಂಟು ಇವತ್ತಿನ ಸಂಶೋಧನೆಯ ದೊಡ್ಡ ಪಾಲು. ಇವುಗಳನ್ನು ಈ ಕ್ರಮದಲ್ಲೇ ಓದಿದರೆ ಒಂದರ ಮೇಲೊಂದು ಕೂರುತ್ತದೆ. ನೇರ 1997ಕ್ಕೆ ಜಿಗಿದವರಿಗೆ ಶಬ್ದಗಳು ಸಿಗುತ್ತವೆ, ಲೆಕ್ಕ ಸಿಗುವುದಿಲ್ಲ.

ಪತ್ರಿಕೆಯಲ್ಲಿ ನನ್ನ ವಿನಂತಿ ಎರಡು. ಈ ವಿಷಯದ ಲೇಖನಗಳ ಜೊತೆ, ಪಿಯುಸಿ ಗಣಿತ ಬಲ್ಲವರು ಮಾಡಿ ನೋಡಬಹುದಾದ ಒಂದು ಲೆಕ್ಕಕ್ಕೆ ಚಿಕ್ಕ ಚೌಕಟ್ಟು ಕೊಡಿ. ಎರಡನೆಯದು, ಈ ಥಿಯರಿಗೆ ಇದುವರೆಗೆ ಪ್ರಯೋಗದ ಬೆಂಬಲ ಸಿಕ್ಕಿಲ್ಲ. ಕ್ವಾಂಟಮ್ ಗುರುತ್ವ ಎದ್ದುಕಾಣುವ ಮಟ್ಟವಾದ ಪ್ಲಾಂಕ್ ಶಕ್ತಿ ಲಾರ್ಜ್ ಹ್ಯಾಡ್ರಾನ್ ಕೊಲೈಡರ್‌ನ 13.6 ಟೆರಾ ಎಲೆಕ್ಟ್ರಾನ್‌ವೋಲ್ಟ್‌ಗಿಂತ ಸುಮಾರು 10ರ 15ನೇ ಘಾತದಷ್ಟು ಪಟ್ಟು ದೊಡ್ಡದು. ಸೂಪರ್‌ಸಿಮೆಟ್ರಿಯ ಜೊತೆಕಣಗಳೂ ಅಲ್ಲಿ ಕಂಡಿಲ್ಲ. ವರ್ಷಗಳನ್ನು ಇದಕ್ಕೆ ಮುಡಿಪಿಡಲು ಹೊರಟ ವಿದ್ಯಾರ್ಥಿಗೆ ಇದು ಮೊದಲೇ ಗೊತ್ತಿರಬೇಕು. ಲೇಖನದ ಮೊದಲ ಪ್ಯಾರಾದಲ್ಲೇ ಇದನ್ನು ಹೇಳುವಂತೆ ಲೇಖಕರಿಗೆ ತಿಳಿಸಿ.

ಇತಿ,
ಭೌತಶಾಸ್ತ್ರದ ಒಬ್ಬ ಅಧ್ಯಾಪಕ