ಟಿಬಿ ಮಾತ್ರೆ 6 ತಿಂಗಳು ಯಾಕೆ ಅಂತ ಬಿಡಿಸಿ ಹೇಳಿ

ಸಂಪಾದಕರಿಗೆ ನಮಸ್ಕಾರ,

ಟಿಬಿ ಬಗ್ಗೆ ಪೇಪರಲ್ಲಿ ಏನೇ ಬಂದ್ರೂ ಕೊನೆಗೆ 'ಪೂರ್ತಿ ಕೋರ್ಸ್ ಮುಗಿಸಿ' ಅಂತ ಒಂದು ಲೈನ್ ಇದ್ದೇ ಇರುತ್ತೆ, ಯಾಕೆ ಮುಗಿಸ್ಬೇಕು ಅಂತ ಮಾತ್ರ ಯಾರೂ ಬಿಡಿಸಿ ಹೇಳಲ್ಲ. ನಮ್ಮ ಬೀದೀಲಿ ಗಾರೆ ಕೆಲಸದವ್ರೊಬ್ರು 2 ತಿಂಗಳು ಮಾತ್ರೆ ನುಂಗಿದ್ರು, ಕೆಮ್ಮು ನಿಂತು ಊಟ ಸೇರೋಕೆ ಶುರುವಾಯ್ತು, ಮೂತ್ರ ಕೆಂಪಗೆ ಹೋಗುತ್ತಲ್ಲ ಅನ್ನೋ ಭಯ ಬೇರೆ, ಬಿಟ್ಬಿಟ್ರು. ಅದು ರಿಫಾಂಪಿಸಿನ್ ಅನ್ನೋ ಟಿಬಿ ಔಷಧಿಯ ಬಣ್ಣ, ರಕ್ತ ಅಲ್ಲ ಅಂತ ಮೊದಲೇ ಒಂದು ಮಾತು ಹೇಳಿದ್ರೆ ಸಾಕಿತ್ತು. ಈಗ ಮತ್ತೆ ಕಫ ಟೆಸ್ಟಿಗೆ ಓಡಾಡ್ತಿದಾರೆ.

ಟಿಬಿ ತರೋ ಬ್ಯಾಕ್ಟೀರಿಯಾ ಒಳಗೆ ಔಷಧಿ ಹೋಗೋದೇ ಕಷ್ಟ ಸ್ವಾಮಿ. ಅದರ ಹೊರಗೋಡೆ ತುಂಬಾ ಮೈಕೋಲಿಕ್ ಆಸಿಡ್ ಅನ್ನೋ ಮೇಣದಂಥ ಕೊಬ್ಬು, ನೀರಲ್ಲಿ ಕರಗೋ ಎಷ್ಟೋ ಔಷಧಿ ಕೆಸುವಿನೆಲೆ ಮೇಲಿನ ನೀರಿನ ಹಾಗೆ ಹೊರಗೇ ಉಳಿದುಬಿಡ್ತವೆ. ರಿಫಾಂಪಿಸಿನ್ ಕೊಬ್ಬಿನ ಜೊತೆ ಬೆರೆಯೋದ್ರಿಂದ ದಾಟುತ್ತೆ. ಇನ್ನೊಂದು ಔಷಧಿ ಐಸೋನಿಯಾಜಿಡ್ ಪುಟ್ಟ ಅಣು, ನುಸುಳ್ಕೊಂಡು ಹೋಗುತ್ತೆ, ಆದ್ರೆ ಒಳಗೆ ಹೋದ ಮಾತ್ರಕ್ಕೆ ಆಗಲ್ಲ, ಬ್ಯಾಕ್ಟೀರಿಯಾದ್ದೇ ಕ್ಯಾಟ್‌ಜಿ ಅನ್ನೋ ಕಿಣ್ವ ಅದನ್ನ ಕೆಲಸಕ್ಕೆ ಬರೋ ಹಾಗೆ ಮಾಡ್ಬೇಕು, ಆಮೇಲೆ ಅದು ಆ ಮೇಣ ತಯಾರಾಗೋದನ್ನೇ ನಿಲ್ಲಿಸುತ್ತೆ. ಆ ಕಿಣ್ವ ಕೆಟ್ಟಿರೋ ಬ್ಯಾಕ್ಟೀರಿಯಾಗೆ ಐಸೋನಿಯಾಜಿಡ್ ಕೊಟ್ಟೂ ದಂಡ. ಮೂರನೇ ಔಷಧಿ ಇಥಾಂಬ್ಯುಟಾಲ್ ಗೋಡೆಯ ಸಕ್ಕರೆ ಪದರ ಕಟ್ಟೋಕೆ ಬಿಡಲ್ಲ, ನಾಲ್ಕನೇದು ಪೈರಾಜಿನಮೈಡ್ ಹುಳಿ ಜಾಸ್ತಿ ಇರೋ ಜಾಗದಲ್ಲಿ ಅಡಗಿರೋವನ್ನ ಹಿಡಿಯುತ್ತೆ, ಅದಕ್ಕೇ ನಾಲ್ಕೂ ಒಟ್ಟಿಗೆ ಕೊಡೋದು. ಇಷ್ಟಾದ್ರೂ ಒಳಗೆ ಬಂದ ಔಷಧಿನ ಪಂಪ್ ಮಾಡಿ ಹೊರಗೆ ಹಾಕೋ ಪ್ರೋಟೀನ್‌ಗಳೂ ಅದರ ಹತ್ರ ಇವೆ.

ಇದಕ್ಕೂ ಮುಂಚೆ ಔಷಧಿ ಟಿಬಿಯಿಂದ ಶ್ವಾಸಕೋಶದಲ್ಲಿ ಆಗೋ ಗಂಟುಗಳ ಒಳಗೆ ಇಳೀಬೇಕು, ಆ ಗಂಟಿನ ನಡುವೆ ರಕ್ತನಾಳವೇ ಇರಲ್ಲ, ಅಲ್ಲಿರೋ ಬ್ಯಾಕ್ಟೀರಿಯಾ ಎಷ್ಟೋ ಬೆಳೆಯೋದನ್ನೇ ನಿಲ್ಲಿಸಿ ಸುಮ್ನೆ ಬಿದ್ದಿರ್ತವೆ. ಕೆಮ್ಮು ನಿಂತಾಗ ಸತ್ತಿರೋದು ಜೋರಾಗಿ ಬೆಳೀತಿದ್ದವು, ಇವು ಇನ್ನೂ ಜೀವಂತ. ಉಳಿದ 4 ತಿಂಗಳ ಮಾತ್ರೆ ಇವುಗಳಿಗೇ.

ಪೌಷ್ಟಿಕ ಆಹಾರಕ್ಕೆ ಸರ್ಕಾರ ತಿಂಗಳಿಗೆ ಕೊಡೋ 500 ರೂಪಾಯಿನ 2024ರ ನವೆಂಬರ್‌ನಿಂದ 1000 ಮಾಡಿದೆ, ತುಂಬಾ ಒಳ್ಳೇದು. ಜೊತೆಗೆ ಮೊದಲ ಮಾತ್ರೆ ಕೊಡೋವಾಗ್ಲೇ ಚಿತ್ರ ಇರೋ ಒಂದು ಕನ್ನಡ ಹಾಳೆ ಕೊಟ್ಟು ಇಷ್ಟನ್ನ ಕೂರಿಸಿ ಹೇಳ್ಲಿ, ಆಶಾ ಕಾರ್ಯಕರ್ತೆಯರಿಗೂ ಇದರ ಟ್ರೇನಿಂಗ್ ಆಗ್ಲಿ. ನೀವೂ ಮುಂದಿನ ಮಾರ್ಚ್ 24ಕ್ಕೆ, ಟಿಬಿ ದಿನ, ಈ ಬ್ಯಾಕ್ಟೀರಿಯಾ ಕಂಡುಹಿಡಿದ ರಾಬರ್ಟ್ ಕಾಕ್ ಫೋಟೋ ಜೊತೆ ಈ ಗೋಡೆದೂ ಒಂದು ದೊಡ್ಡ ಚಿತ್ರ ಹಾಕಿ ಅಂತ ಕೇಳ್ಕೋತೀನಿ.

– ಓದುಗ, ಚಿತ್ರದುರ್ಗ